ಕೌಂಟರಿನ ಕೊನೆಯ ಅಂಕಿ

ನಮ್ಮ ಮನೆಗೆ ಮೊದಲ ಸಲ ಬಂದವರೆಲ್ಲ ಹಾಲಿನ ಮೂಲೆಯ ಮೇಜು ನೋಡಿ, "ನಿಮ್ಮ ಗಡಿಯಾರ ಕೆಟ್ಟಿದೆ" ಎನ್ನುತ್ತಾರೆ. ಸೋಪಿನ ಡಬ್ಬಿಗಿಂತ ತುಸು ದೊಡ್ಡದಾದ ಕಪ್ಪು ಪೆಟ್ಟಿಗೆ. ಮುಖದ ಮೇಲೆ ಆರು ಹಸಿರು ಸೊನ್ನೆಗಳು, ನೆತ್ತಿಯ ಮೇಲೆ ಒಂದು ಕೆಂಪು ಚೀಟಿ. ಅದು ಗಡಿಯಾರವಲ್ಲ, ಫ್ರೀಕ್ವೆನ್ಸಿ ಕೌಂಟರ್, ನಾವು ರೇಡಿಯೊದಲ್ಲಿ ಮಾತಾಡಿದಾಗ ಮಾತ್ರ ಅಂಕಿ ತೋರಿಸುತ್ತದೆ ಎಂದು ನಾನು ವಿವರಿಸುತ್ತೇನೆ. ಬಂದವರು "ಓ" ಎಂದು ಚಹಾದ ಕಡೆ ತಿರುಗುತ್ತಾರೆ. ಎದುರು ಮನೆಯ ಹಂಸಾಬೆನ್ ಒಬ್ಬರೇ ಪ್ರಶ್ನೆಯನ್ನು ಅಲ್ಲಿಗೆ ಬಿಡಲಿಲ್ಲ. "ಸೊನ್ನೆ ತೋರಿಸೋಕೆ ಕರೆಂಟು ಯಾಕೆ, ಬೆನ್?" ಎಂದರು. ಆ ಸಲ ಚಹಾದ ಕಡೆ ತಿರುಗಿದವಳು ನಾನು.

ಕೆಂಪು ಚೀಟಿಯ ಬಗ್ಗೆ ಯಾರೂ ಕೇಳುವುದಿಲ್ಲ. ಕೇಳಿದ್ದರೆ ಇಷ್ಟು ಉದ್ದ ಬರೆಯುವ ಕೆಲಸ ಇರುತ್ತಿರಲಿಲ್ಲ.

ನಾವು ಇರುವುದು ವಡೋದರದ ಮಂಜಲ್‌ಪುರದಲ್ಲಿ. ನಾನು ಮಕರ್‌ಪುರದ ಒಂದು ಪಂಪು ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿದ್ದೇನೆ. ನನ್ನ ಕೆಲಸವನ್ನು ಸರಳವಾಗಿ ಹೇಳಬೇಕೆಂದರೆ, ಬೇರೆಯವರು ಮಾಡಿದ್ದನ್ನು ಅಳೆದು, ಸರಿಯಿದ್ದರೆ ಹಸಿರು ಚೀಟಿ, ತಪ್ಪಿದ್ದರೆ ಕೆಂಪು ಚೀಟಿ ಹಚ್ಚುವುದು. ಎಂ.ಎಸ್ಸಿ. ಓದಿ ಚೀಟಿ ಹಚ್ಚುವುದೇ ಎಂದು ನೀವು ಕೇಳಬಹುದು. ನಮ್ಮ ಯಜಮಾನರೂ ಕೇಳುತ್ತಾರೆ. ಆದರೆ ಅಳೆಯುವುದಕ್ಕಿಂತ ಮುಂಚೆ ಒಂದು ಪ್ರಶ್ನೆ ಕೇಳಬೇಕು: ಅಳೆಯುವ ಉಪಕರಣ ಸರಿಯಿದೆ ಎಂದು ಯಾರು ಹೇಳಿದರು, ಯಾವಾಗ ಹೇಳಿದರು, ಕಾಗದ ಎಲ್ಲಿ? ಈ ಪ್ರಶ್ನೆ ಕೇಳಿ ಕೇಳಿ ನಾನು ಎಷ್ಟೋ ಸಪ್ಲೈಯರುಗಳ ಮುಖ ಬಾಡಿಸಿದ್ದೇನೆ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ. ನಾನು ಇಟ್ಟುಕೊಂಡಿರಲಿಲ್ಲ.

ರೇಡಿಯೊ ಹುಚ್ಚು ಹಿಡಿಸಿದವರು ಬಸಣ್ಣ. ಗದಗಿನ ಕಡೆಯವರು. ಫತೇಗಂಜ್‌ನಲ್ಲಿ, ಹಾಸ್ಟೆಲುಗಳ ಸಾಲಿನ ನಡುವೆ, ತಮ್ಮ ಮನೆಯ ಕೆಳಗೇ ಆಳೆತ್ತರದ ಅಂಗಡಿ ಇಟ್ಟುಕೊಂಡು ವಿದ್ಯಾರ್ಥಿಗಳ ಸ್ಪೀಕರು, ಹೆಡ್‌ಫೋನು, ಕದ್ದುಮುಚ್ಚಿ ಮ್ಯಾಗಿ ಬೇಯಿಸುವ ಕೆಟಲ್ಲು ರಿಪೇರಿ ಮಾಡುತ್ತಾರೆ. ವಯಸ್ಸು ಎಪ್ಪತ್ತರ ಹತ್ತಿರ. ಗುಜರಾತಿಗಳಿಗೆ ಬಸನ್‌ಭಾಯಿ. ಸಿ.ಬಿ. ರೇಡಿಯೊ ಎಂಬುದೊಂದಿದೆ, ಇಪ್ಪತ್ತೇಳು ಮೆಗಾಹರ್ಟ್ಸ್ ಹತ್ತಿರ ಸಾಮಾನ್ಯ ಜನರಿಗೆಂದೇ ಅಲೆಗಳ ಒಂದು ಪಟ್ಟಿ ಬಿಟ್ಟಿದ್ದಾರೆ, ಕಡಿಮೆ ಶಕ್ತಿಯ ಸೆಟ್ಟಾದರೆ ಲೈಸೆನ್ಸ್ ಬೇಡ, ಮನೆಯ ಮೇಲೊಂದು ಆಂಟೆನಾ ಕಡ್ಡಿ ನಿಲ್ಲಿಸಿದರೆ ಊರೊಳಗೆ ಮಾತಾಡಬಹುದು ಎಂದು ಅವರು ಹೇಳಿದಾಗ, ಫೋನಿರುವಾಗ ಇದು ಯಾಕೆ ಎಂದು ನಾನೂ ಕೇಳಿದ್ದೆ.

"ಫೋನಿನ್ಯಾಗ ಕೆಲಸ ಇದ್ದಾಗ ಮಾತಾಡ್ತೀರಿ ಅಕ್ಕಾರ. ಇದರಾಗ ಕೆಲಸ ಇಲ್ಲದಾಗ ಮಾತಾಡಬೇಕು" ಎಂದರು ಬಸಣ್ಣ.

ಹೀಗೆ ವಡೋದರದ ಏಳು ಕನ್ನಡದ ಮನೆಗಳ ತಾರಸಿಯ ಮೇಲೆ ಏಳು ಕಡ್ಡಿಗಳು ಎದ್ದವು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಸೆಟ್ಟಿನ ಮುಂದೆ. ಏಳೂ ಸೆಟ್ಟುಗಳನ್ನು ಒಂದೇ ಅಲೆಗೆ ಕೂಡಿಸಿಕೊಟ್ಟವರು ಬಸಣ್ಣ. ಹೇಗೆ ಕೂಡಿಸಿದರು? ಕಿವಿಯಿಂದ. ತಮ್ಮ ಸೆಟ್ಟಿನ ಎದುರು ನಮ್ಮದನ್ನು ಇಟ್ಟು, ಒಳಗಿನ ಒಂದು ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ, "ಹಲೋ ಹಲೋ" ಎನ್ನುವ ಧ್ವನಿ ಮನುಷ್ಯರದ್ದಾಗುವವರೆಗೆ ಕೇಳುತ್ತಿದ್ದರು. ನಾವು ಮಾತಾಡುತ್ತಿದ್ದ ಬಗೆಯಲ್ಲಿ ಎರಡು ಸೆಟ್ಟು ಸ್ವಲ್ಪ ಆಚೀಚೆಯಾದರೂ ಸಾಕು, ಧ್ವನಿ ಬಾತುಕೋಳಿಯದ್ದಾಗುತ್ತದೆ.

ಆ ಭಾನುವಾರಗಳ ಮಾತುಕತೆಯಲ್ಲಿ ಏನೂ ಇರುತ್ತಿರಲಿಲ್ಲ. ನನ್ನ ಡೈರಿ ಇದಕ್ಕೆ ಸಾಕ್ಷಿ. "ನಟರಾಜ್ ಮನೆಯಲ್ಲಿ ಉಪ್ಪಿಟ್ಟು. ಬಸಣ್ಣನ ಮನೆಯಲ್ಲಿ ಗಿರ್ಮಿಟ್. ನಮ್ಮಲ್ಲಿ ಅವಲಕ್ಕಿ, ಉಪ್ಪು ಜಾಸ್ತಿ." ಪುಟಗಟ್ಟಲೆ ಹೀಗೇ. ನಟರಾಜ್ ಬ್ಯಾಂಕಿನಲ್ಲಿರುವವರು, ಮೈಸೂರಿನವರು. ಉಪ್ಪಿಟ್ಟಿನ ವಿಷಯವನ್ನೂ ಅವರು ಸಭೆಯ ನಡಾವಳಿಯಂತೆ ಹೇಳುತ್ತಿದ್ದರು.

ನನ್ನ ಮಗಳು ಮೇಘಾಗೆ ಹದಿಮೂರು. ಮನೆಯಲ್ಲಿ ನಾನು ಕನ್ನಡದಲ್ಲಿ ಕರೆದರೆ, "ಆವು ಛು ಮಮ್ಮಿ", ಬಂದೆ ಮಮ್ಮಿ, ಎಂದು ಗುಜರಾತಿಯಲ್ಲಿ ಓಗೊಡುವ ಹುಡುಗಿ. ಕನ್ನಡ ಅವಳಿಗೆ ನೆಂಟರು ಬಂದಾಗ ಹಾಕಿಕೊಳ್ಳುವ ಚುಚ್ಚುವ ಬಟ್ಟೆ. ನಾನು ತಿದ್ದುತ್ತಿದ್ದೆ, ಅವಳು ಸುಮ್ಮನಾಗುತ್ತಿದ್ದಳು. ಆದರೆ ಭಾನುವಾರ ಎಂಟಕ್ಕೆ ಮೈಕು ಕಿತ್ತುಕೊಂಡು, "ಬಸಣ್ಣ ಅಜ್ಜ, ನಾನು ಥೇಪ್ಲಾ ತಿಂದಿದೆ!" ಎಂದು ಕೂಗುತ್ತಿದ್ದಳು.

"ಥೇಪ್ಲಾ ತಿಂದ್ಯಾ? ಬರೇ ಥೇಪ್ಲಾ ತಿಂದ್ಯೋ, ಜೋಡಿ ಉಪ್ಪಿನಕಾಯಿನೂ ತಿಂದ್ಯೋ?"

"ಉಪ್ಪಿನಕಾಯಿನೂ ತಿಂದೆ!"

ಬಸಣ್ಣ ಒಮ್ಮೆಯೂ ತಿದ್ದಲಿಲ್ಲ. ಮರಳಿ ಕೇಳಿದರು, ಅಷ್ಟೆ. ಆರು ತಿಂಗಳಲ್ಲಿ ಹಾಸನದ ತಾಯಿಯ ಮಗಳು ಗದಗಿನ ಕನ್ನಡ ಕಲಿತಳು. ಒಂದು ದಿನ ಅಡುಗೆಮನೆಗೆ ಬಂದು, "ಮಮ್ಮಿ, ಹಸಿವು ಆಗೇತಿ" ಎಂದಳು. ನನಗೆ ಸಂತೋಷವಾಯಿತೋ ಹೊಟ್ಟೆಕಿಚ್ಚಾಯಿತೋ? ಡೈರಿಯಲ್ಲಿ "ಮೇಘಾ ಕನ್ನಡ ಸುಧಾರಿಸಿದೆ" ಎಂದಷ್ಟೇ ಇದೆ. ಇಪ್ಪತ್ತು ವರ್ಷ ಡೈರಿ ಬರೆದು ನಾನು ಕಂಡುಕೊಂಡ ಸತ್ಯವೊಂದಿದೆ: ನನಗೆ ಅನುಕೂಲವಾಗದ್ದನ್ನು ನಾನು ಬರೆಯುವುದಿಲ್ಲ, ಬರೆಯದ್ದನ್ನು ಆಮೇಲೆ ಅನುಕೂಲಕ್ಕೆ ತಕ್ಕಂತೆ ನೆನಪಿಟ್ಟುಕೊಳ್ಳುತ್ತೇನೆ.

ಅಷ್ಟರಲ್ಲಿ ನಾನು ಸೂರತ್ತಿಗೆ ಹೋದೆ. ಅಲ್ಲಿನ ಉಧ್ನಾದಲ್ಲಿ ಒಂದು ಬಟ್ಟೆ ಕಾರ್ಖಾನೆ ನಮ್ಮ ಪಂಪುಗಳನ್ನು ಕೊಳ್ಳುತ್ತದೆ, ಅವರದೊಂದು ದೂರು. ದೂರು ಮುಗಿಸಿ ಸ್ಟೇಷನ್ನಿಗೆ ನಡೆಯುವಾಗ ಹಳೆ ಎಲೆಕ್ಟ್ರಾನಿಕ್ಸ್ ಸಾಮಾನಿನ ಒಂದು ಅಂಗಡಿ. ಮಗ್ಗದ ಮೋಟಾರುಗಳ ರಾಶಿಯ ನಡುವೆ ಈ ಕಪ್ಪು ಪೆಟ್ಟಿಗೆ ಕೂತಿತ್ತು. ಸೆಟ್ಟಿಗೂ ಕಡ್ಡಿಗೂ ನಡುವಿನ ಕೇಬಲ್ಲಿನಲ್ಲಿ ಇದನ್ನು ಸೇರಿಸುವುದು. ಮಾತಿನ ಗುಂಡಿ ಒತ್ತಿದರೆ, ಒಳಗೆ ಹರಿಯುವ ಅಲೆಯನ್ನು ಎಣಿಸಿ ಆರು ಅಂಕಿಗಳಲ್ಲಿ ಹೇಳುತ್ತದೆ.

"ಸರಿಯಾಗಿ ತೋರಿಸುತ್ತಾ?" ಎಂದು ಹಿಂದಿಯಲ್ಲಿ ಕೇಳಿದೆ.

ಅಂಗಡಿಯವನು ಪೆಟ್ಟಿಗೆಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ, "ಬೆನ್, ಏಕ್‌ದಮ್ ಸಾಚು" ಎಂದ. ಅಪ್ಪಟ ನಿಜವಂತೆ.

ಜೀವಮಾನವಿಡೀ ಕಾಗದ ಕೇಳಿದ ನನಗೆ ಆ ಅಂಗೈ ಸಾಕಾಯಿತು. ಯಾಕೆ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಆರು ಅಂಕಿ ಇದ್ದವಲ್ಲ, ಅದಕ್ಕೇ ಇರಬೇಕು. ಎರಡೇ ಅಂಕಿಯಲ್ಲಿ ಹೇಳುವವರನ್ನು ನಾವು ಅನುಮಾನಿಸುತ್ತೇವೆ. ಅದೇ ಸುಳ್ಳನ್ನು ದಶಮಾಂಶದ ನಾಲ್ಕನೆಯ ಸ್ಥಾನದವರೆಗೆ ಹೇಳಿದರೆ ಕೈಮುಗಿಯುತ್ತೇವೆ.

ನಮ್ಮ ಮಾತಿನ ಜಾಗ 27.2050. ಮನೆಗೆ ಬಂದು ಪೆಟ್ಟಿಗೆ ಸೇರಿಸಿ ಗುಂಡಿ ಒತ್ತಿದೆ. 27.2045 ಎಂದಿತು. ಮತ್ತೆ ಒತ್ತಿದೆ. ನಲವತ್ತೈದೇ. ಅಳೆಯುವಾಗ ಬಾಯಿ ಬಿಡಬಾರದು, ಸುಮ್ಮನೆ ಗುಂಡಿ ಒತ್ತಿ ಹಿಡಿಯಬೇಕು. ಮಾತಾಡುವ ಯಂತ್ರದ ಮುಂದೆ ಮಾತಾಡದೆ ಕೂತಾಗಲೇ ಅಂಕಿ ಗಟ್ಟಿಯಾಗಿ ನಿಲ್ಲುವುದು. ಸ್ಕ್ರೂ ತಿರುಗಿಸಿ ಐವತ್ತಕ್ಕೆ ತಂದೆ. ಆ ಸಂತೋಷವನ್ನು ಹೇಗೆ ಹೇಳಲಿ? ಕೊನೆಯ ಅಂಕಿ ಸೊನ್ನೆಯಾಗಿ ನಿಂತಾಗ ನನ್ನ ಬದುಕೇ ಸರಿಯಾದಂತೆ ಅನ್ನಿಸಿತು.

ಮುಂದಿನ ಭಾನುವಾರ ನನ್ನ ಧ್ವನಿ ಎಲ್ಲರಿಗೂ ಬಾತುಕೋಳಿ. ನಾನು ಗಾಳಿಯಲ್ಲಿಯೇ ಘೋಷಿಸಿದೆ: "ನಾನು ಸರಿ ಇದ್ದೀನಿ. ನೀವೆಲ್ಲ ತಪ್ಪಿದ್ದೀರಿ."

ಆಮೇಲೆ ನನ್ನ ಸ್ಕೂಟರ್ ಯಾತ್ರೆ ಶುರು. ಹ್ಯಾಂಡ್‌ಬ್ಯಾಗಿನಲ್ಲಿ ಪೆಟ್ಟಿಗೆ, ಕಾರ್ಖಾನೆಯ ಹಸಿರು ಚೀಟಿಗಳ ಕಟ್ಟು. ಮನೆಮನೆಯಲ್ಲೂ ಡಾಕ್ಟರಿಗೆ ಸಿಗುವ ಮರ್ಯಾದೆ. ಟೀವಿ ಆರಿಸುತ್ತಿದ್ದರು, ಮಕ್ಕಳನ್ನು ಒಳಗೆ ಕಳಿಸುತ್ತಿದ್ದರು, ಗಂಡ ಗುಂಡಿ ಒತ್ತಿದರೆ ಹೆಂಡತಿ ಉಸಿರು ಹಿಡಿಯುತ್ತಿದ್ದಳು. ನಲವತ್ನಾಲ್ಕು, ನಲವತ್ತೇಳು, ನಲವತ್ತಾರು. ಎಲ್ಲ ಮನೆಯಲ್ಲೂ ಹೆಚ್ಚು ಕಡಿಮೆ ಅಷ್ಟೇ ತಪ್ಪು. ಒಂದೊಂದನ್ನೂ ಐವತ್ತಕ್ಕೆ ತಿರುಗಿಸಿ ಹಸಿರು ಚೀಟಿ ಹಚ್ಚಿದೆ.

ಇಲ್ಲಿ ನೀವು ಕಾರ್ಖಾನೆಯ ಹೊಸ ಟ್ರೈನಿಯಾಗಿದ್ದರೂ ಕೈಯೆತ್ತುತ್ತಿದ್ದಿರಿ: ಮೇಡಂ, ಎಲ್ಲ ವಸ್ತುಗಳೂ ಒಂದೇ ಅಳತೆಯಲ್ಲಿ ತಪ್ಪಿದ್ದರೆ ಮೊದಲು ಅಳತೆಗೋಲನ್ನು ನೋಡಬೇಕಲ್ಲವೇ? ನಾನು ಆ ಪಾಠವನ್ನು ಬೋರ್ಡಿನ ಮೇಲೆ ಬರೆದು ಕಲಿಸಿದವಳು. ಆದರೆ ನನಗೆ ಅದಕ್ಕಿಂತ ಸೊಗಸಾದ ತರ್ಕ ಹೊಳೆಯಿತು. ಆರೂ ಸೆಟ್ಟನ್ನು ತಮ್ಮ ಸೆಟ್ಟಿಗೆ ಕೂಡಿಸಿದವರು ಬಸಣ್ಣ. ಆದ್ದರಿಂದ ತಪ್ಪಿನ ತಾಯಿಬೇರು ಬಸಣ್ಣನ ಸೆಟ್ಟು.

ಭಾನುವಾರದ ಮಾತು ಬದಲಾಯಿತು. ಉಪ್ಪಿಟ್ಟು ಹೋಗಿ ಐವತ್ತು ಬಂತು.

"ಮೇಡಂ, ನಿನ್ನೆ ಸೆಟ್ಟನ್ನು ಫ್ಯಾನಿನ ಕೆಳಗೆ ಇಟ್ಟಿದ್ದೆ. ಐವತ್ತು ಐವತ್ತೇ ಇರುತ್ತಾ?" ಎಂದು ನಟರಾಜ್.

"ಇರುತ್ತೆ."

"ಗ್ಯಾರಂಟಿ?"

"ಬುಧವಾರ ಬಂದು ನೋಡ್ತೀನಿ."

"ಥ್ಯಾಂಕ್ಸ್. ನಂದು ಇನ್ನೇನಿಲ್ಲ."

ಆ ವಾರಗಳ ಡೈರಿ ನೋಡಿದರೆ ಯಾವುದೋ ಲಿಫ್ಟಿನ ದಾಖಲೆಯಂತಿದೆ. ಯಾರ ಮನೆಯಲ್ಲಿ ಏನು ತಿಂದರು ಎಂಬುದು ಒಂದು ಕಡೆಯೂ ಇಲ್ಲ.

ಕೊನೆಗೆ ಫತೇಗಂಜ್‌ಗೆ ಹೋದೆ. ಅಂಗಡಿಯಲ್ಲಿ ಕೆಟಲ್ಲು ಹಿಡಿದ ಇಬ್ಬರು ಕನ್ನಡದ ವಿದ್ಯಾರ್ಥಿಗಳಿದ್ದರು, ನಟರಾಜ್ ಕೂಡ ಕುತೂಹಲಕ್ಕೆಂದು ನನ್ನ ಜೊತೆ ಬಂದಿದ್ದರು. ಬಸಣ್ಣ ಗುಂಡಿ ಒತ್ತಿದರು. ಪೆಟ್ಟಿಗೆ ನಲವತ್ತು ಚಿಲ್ಲರೆ ಎಂದಿತು.

"ನೋಡಿ ಬಸಣ್ಣಾವ್ರೆ, ಮೂಲವೇ ತಪ್ಪಿದೆ."

"ನನ್ನ ಸೆಟ್ ಸರಿ ಐತ್ರಿ."

"ಅಂಕಿ ನೋಡಿ."

ಬಸಣ್ಣ ಅಂಕಿ ನೋಡಲಿಲ್ಲ, ನನ್ನನ್ನು ನೋಡಿದರು. "ಅಕ್ಕಾರ, ಈ ಡಬ್ಬಿ ಖರೇ ಹೇಳತೈತಿ ಅಂತ ನಿಮಗ ಯಾರ ಹೇಳ್ಯಾರ್ರಿ?"

ನನ್ನದೇ ಪ್ರಶ್ನೆ. ನಾನು ಹೊಟ್ಟೆಪಾಡಿಗೆ ಕೇಳುವ ಪ್ರಶ್ನೆ. ಅದಕ್ಕೆ ನಾನು ಕೊಟ್ಟ ಉತ್ತರ: ಹ್ಯಾಂಡ್‌ಬ್ಯಾಗಿನಿಂದ ಕೆಂಪು ಚೀಟಿ ತೆಗೆದು, ಅದರ ಮೇಲೆ ಅಂಕಿ ಬರೆದು, ಸಹಿ ಮಾಡಿ, ಬಸಣ್ಣನ ಸೆಟ್ಟಿನ ಹಣೆಗೆ ಹಚ್ಚಿದೆ. ರಿಜೆಕ್ಟೆಡ್. ವಿದ್ಯಾರ್ಥಿಗಳು ನಕ್ಕರು. ನಟರಾಜ್ ನಕ್ಕರು. ತಮಾಷೆಗೆ ಹಚ್ಚಿದೆ ಎಂದು ನನ್ನ ನೆನಪು ಹೇಳುತ್ತದೆ. ಬಸಣ್ಣನೂ ನಕ್ಕರು ಎಂದು ಕೂಡ ಹೇಳುತ್ತದೆ. ಆ ದಿನದ ಡೈರಿಯಲ್ಲಿ ಇರುವುದು ಇಷ್ಟು: "ಏಳೂ ಮುಗಿಯಿತು. ಒಂದು ರಿಜೆಕ್ಟ್." ಯಾರ ನಗುವಿನ ಪ್ರಸ್ತಾಪವೂ ಇಲ್ಲ.

ಮುಂದಿನ ಭಾನುವಾರ ಬಸಣ್ಣ ಬಂದರು, ಬಾತುಕೋಳಿಯ ಧ್ವನಿಯಲ್ಲಿ. "ಇವತ್ತ ಏನ ನಾಷ್ಟಾ" ಎಂದು ಕೇಳಿದ್ದು ಯಾರಿಗೂ ಅರ್ಥವಾಗಲಿಲ್ಲ. "ಬಸಣ್ಣ, ಐವತ್ತಕ್ಕೆ ಬನ್ನಿ" ಎಂದರು ನಟರಾಜ್. ಯಾರೋ ಕ್ವಾಕ್ ಎಂದರು. ಅದಾದ ಮೇಲಿನ ಭಾನುವಾರ ಬಸಣ್ಣ ಬರಲಿಲ್ಲ. ಅದರ ಮೇಲಿನದ್ದಕ್ಕೂ ಇಲ್ಲ.

ಮೇಘಾ ಎರಡು ವಾರ ಮೈಕಿನ ಮುಂದೆ ಕೂತಳು. ಮೂರನೆಯ ವಾರ ಏಳಲೇ ಇಲ್ಲ. ನಾನು ಕರೆದೆ. ಹೊದಿಕೆಯೊಳಗಿಂದ ಕೇಳಿದಳು: "ಮಮ್ಮಿ, ತಮಾರಾ ಮೀಟರ್‌ಗೆ ಕಿವಿ ಛೇ?" ನಿಮ್ಮ ಮೀಟರಿಗೆ ಕಿವಿ ಇದೆಯಾ ಎಂದು, ಅರ್ಧ ಗುಜರಾತಿಯಲ್ಲಿ.

"ಸರಿಯಾಗಿ ಕನ್ನಡ ಮಾತಾಡು" ಎಂದೆ. ಆಮೇಲೆ ಅವಳು ಕನ್ನಡ ಮಾತಾಡುವುದನ್ನೇ ನಿಲ್ಲಿಸಿದಳು. ಹಸಿವಾದರೂ ಇಂಗ್ಲಿಷಿನಲ್ಲೇ ಆಗತೊಡಗಿತು.

ದೀಪಾವಳಿಗೆ ಅಹಮದಾಬಾದಿಗೆ ಹೋದೆವು. ನನ್ನ ಚಿಕ್ಕಪ್ಪನ ಮಗ ಶ್ರೀನಿಧಿ ಅಲ್ಲೊಂದು ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ಮನೆಯಲ್ಲಿಯೂ ಉಪಗ್ರಹದಿಂದ ಸಮಯ ಹಿಡಿದು ಅಲೆಗಳನ್ನು ಹೋಲಿಸುವ ಯಂತ್ರ ಇಟ್ಟುಕೊಂಡಿದ್ದಾನೆ, ಬೇರೆಯವರು ಮೀನಿನ ತೊಟ್ಟಿ ಇಟ್ಟುಕೊಂಡಂತೆ. ಮೆಚ್ಚುಗೆ ಗಳಿಸಲೆಂದೇ ನಾನು ಪೆಟ್ಟಿಗೆ ಒಯ್ದಿದ್ದೆ. ಅವನು ಚಕ್ಕುಲಿ ಕಡಿಯುತ್ತ ಎರಡು ಕೇಬಲ್ ಸಿಕ್ಕಿಸಿ ನೋಡಿದ.

"ಅಕ್ಕಾ, ಇದು ಕೊನೆಯ ಅಂಕಿಯಲ್ಲಿ ನಾಲ್ಕು ಕಡಿಮೆ ತೋರಿಸುತ್ತೆ. ಕ್ಯಾಲಿಬ್ರೇಶನ್ ಯಾವಾಗ ಮಾಡಿಸಿದ್ದೆ?"

ನಾನು ಚಕ್ಕುಲಿಯ ತಟ್ಟೆಯನ್ನು ಅವನ ಕಡೆ ಸರಿಸಿದೆ. ಅವನು ಇನ್ನೊಂದು ಚಕ್ಕುಲಿ ತೆಗೆದುಕೊಂಡು, "ಕಾಗದ ಇದೆಯಾ?" ಎಂದ. ಮೇಘಾ ಸೋಫಾದ ಮೇಲಿಂದ ನನ್ನನ್ನೇ ನೋಡುತ್ತಿದ್ದಳು.

ಲೆಕ್ಕ ಸುಲಭ. ಪೆಟ್ಟಿಗೆ ನಲವತ್ತಾರು ಎಂದರೆ ನಿಜದ ಐವತ್ತು. ನಾನು ಐದು ಮನೆ ತಿರುಗಿ, ನಮ್ಮದೂ ಸೇರಿ ಆರು ಸರಿಯಾದ ಸೆಟ್ಟುಗಳನ್ನು ಕೆಡಿಸಿ, ಹಸಿರು ಚೀಟಿ ಹಚ್ಚಿದ್ದೆ. ಸರಿಯಾಗಿ ಉಳಿದಿದ್ದುದು ಕೆಂಪು ಚೀಟಿಯದೊಂದೇ. ಆದರೆ ವಡೋದರಕ್ಕೆ ಹಿಂತಿರುಗುವ ಕಾರಿನಲ್ಲಿ ನನ್ನ ಮನಸ್ಸು ವಕೀಲಿಕೆಗೆ ಇಳಿಯಿತು. ಬಸಣ್ಣನ ಸೆಟ್ಟು ಎಷ್ಟು ತೋರಿಸಿತ್ತು? ನಲವತ್ತಾರೋ, ನಲವತ್ತೆರಡೋ? ನಲವತ್ತಾರಾದರೆ ಆ ಮನುಷ್ಯ ಬರೀ ಕಿವಿಯಿಂದ ಕೂದಲೆಳೆಯಷ್ಟೂ ತಪ್ಪಿಲ್ಲದೆ ಕೂತಿದ್ದ. ನಲವತ್ತೆರಡಾದರೆ ಅವರದೂ ಸ್ವಲ್ಪ ತಪ್ಪಿತ್ತು, ನಾನು ಅರ್ಧ ಕ್ಷಮೆ ಕೇಳಿದರೆ ಸಾಕು. ದಾರಿಯಲ್ಲಿ ಆಣಂದ್ ದಾಟುವಷ್ಟರಲ್ಲಿ ನಲವತ್ತೆರಡು ನನಗೆ ಸ್ಪಷ್ಟವಾಗಿ ನೆನಪಾಗತೊಡಗಿತ್ತು.

ಆ ಭಾನುವಾರ ಗಾಳಿಯಲ್ಲಿ ತಪ್ಪೊಪ್ಪಿಕೊಂಡೆ. ಎಲ್ಲರೂ ನಲವತ್ತಾರಕ್ಕೆ ಮರಳಬೇಕು ಎಂದೆ. ನಟರಾಜ್: "ಎಲ್ಲರೂ ಒಂದೇ ಕಡೆ ಇದ್ದೀವಲ್ಲ ಮೇಡಂ, ಇನ್ನೇನು? ಮೇಲಾಗಿ ಐವತ್ತು ನೋಡೋಕೆ ಚೆನ್ನಾಗಿದೆ. ನಲವತ್ತಾರು ಅಂದರೆ ಒಂಥರಾ ಫೇಲಾದ ಹಾಗೆ." ಉಳಿದವರು ಅನುಮೋದಿಸಿದರು. ಹಸಿರು ಚೀಟಿ ಹಚ್ಚಿದ ಸೆಟ್ಟನ್ನು ಬಿಚ್ಚಲು ಯಾರಿಗೂ ಮನಸ್ಸಿರಲಿಲ್ಲ. ಸಂಕ್ರಾಂತಿಯ ಗಾಳಿಪಟದ ಹೊತ್ತಿಗೆ ಅವರೆಲ್ಲ ಒಬ್ಬೊಬ್ಬರಾಗಿ ನಲವತ್ತಾರಕ್ಕೆ ಮರಳಿ ಬಂದರೆನ್ನಿ. "ಬಿಸಿಲಿಗೆ ತಾನಾಗಿ ಕದಲಿದೆ ಅನ್ಸುತ್ತೆ" ಎಂದು ಪ್ರತಿಯೊಬ್ಬರೂ ಹೇಳಿದರು. ಜನವರಿಯ ಬಿಸಿಲಿಗೆ.

ಇಷ್ಟೆಲ್ಲ ಹೇಳಿ ನಾನು ಬಸಣ್ಣನ ಅಂಗಡಿಗೆ ಹೋದದ್ದನ್ನು ಮುಂದೂಡುತ್ತಿದ್ದೇನೆ, ನಿಮಗೆ ಗೊತ್ತಾಗಿರಬೇಕು.

ತಪ್ಪೊಪ್ಪಿಕೊಂಡ ದಿನವೇ ಹೋದೆ. ಮನೆಯ ಸೆಟ್ಟನ್ನು ನಲವತ್ತಾರಕ್ಕೆ ತಿರುಗಿಸಿ, ಮೇಘಾಳನ್ನು ಅದರ ಮುಂದೆ ಕೂರಿಸಿ, ಪೆಟ್ಟಿಗೆ ಹಿಡಿದು ಹೊರಟೆ. "ಕರೆದರೆ ಮಾತಾಡ್ತೀಯಾ?" ಎಂದರೆ, "ಯಾರು ಕರೆಯೋದು ಅನ್ನೋದರ ಮೇಲೆ" ಎಂದು ಇಂಗ್ಲಿಷಿನಲ್ಲಿ ಉತ್ತರಿಸಿದಳು.

ಬಸಣ್ಣ ಒಂದು ಹೆಡ್‌ಫೋನಿನ ವೈರು ಬೆಸೆಯುತ್ತಿದ್ದರು. ರೇಡಿಯೊ ಮೇಲಿನ ಹಲಗೆಯಲ್ಲಿ, ಬಟ್ಟೆ ಮುಚ್ಚಿಸಿಕೊಂಡು ಕೂತಿತ್ತು. ನಾನು ನಿಂತೇ ಎಲ್ಲ ಹೇಳಿದೆ: ನನ್ನ ಡಬ್ಬಿ ಸುಳ್ಳು ಹೇಳಿತು, ನಿಮ್ಮ ಸೆಟ್ಟು ಸರಿಯಿತ್ತು.

ಅವರಿಗೆ ಸಂತೋಷವಾಗುತ್ತದೆ, ಇಲ್ಲವೆ ಸಿಟ್ಟಾದರೂ ಬರುತ್ತದೆ ಎಂದುಕೊಂಡಿದ್ದೆ. ಬಸಣ್ಣ ಬೆಸೆಯುವ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದರು.

"ಇತ್ತು ಅನ್ರಿ ಅಕ್ಕಾರ. ಈಗ ಇಲ್ಲ."

"ಅಂದರೆ?"

"ತಿರುಗಿಸಿಬಿಟ್ಟೆ. ಎಲ್ಲಾರೂ ನಗಾಕತ್ತಿದ್ರಲ್ಲ. ನನಗ ವಯಸ್ಸಾತು, ಕಿವಿ ಹೋಗಿರಬೇಕು ಅಂತ ಅನಿಸ್ತು. ನಿಮ್ಮ ಚೀಟಿ ನೋಡಿ ಅಂದಾಜಿನ ಮ್ಯಾಲ ಒಂದೀಟ ತಿರುಗಿಸಿದೆ. ಆಮ್ಯಾಲ ಯಾವುದು ಸರಿ, ಯಾವುದು ತಪ್ಪು, ಏನೂ ತಿಳೀಲಿಲ್ಲ. ಮುಚ್ಚಿಟ್ಟೆ."

ಅವರು ಮುನಿಸಿಕೊಂಡಿದ್ದಾರೆ ಎಂದುಕೊಂಡೇ ನಾನು ಇಷ್ಟು ವಾರ ಕಳೆದಿದ್ದೆ. ಮುನಿಸಾಗಿದ್ದರೆ ಎಷ್ಟು ಚೆನ್ನಾಗಿತ್ತು! ಜೀವಮಾನವಿಡೀ ಕಿವಿಯನ್ನು ನಂಬಿ ಬದುಕಿದ ಮನುಷ್ಯ ನನ್ನ ಸಹಿ ನೋಡಿ ಕಿವಿಯನ್ನು ಬಿಟ್ಟುಕೊಟ್ಟಿದ್ದ.

ಬಟ್ಟೆ ತೆಗೆದೆ. ಕೆಂಪು ಚೀಟಿ ಹಾಗೇ ಇತ್ತು. "ಇದನ್ನು ಯಾಕೆ ಕೀಳಲಿಲ್ಲ?" ಎಂದೆ.

"ಹಚ್ಚಿದವರು ನೀವು. ನಾ ಹೆಂಗ ಕೀಳಲ್ರಿ?"

ಚೀಟಿಯ ಮೇಲೆ ನನ್ನದೇ ಕೈಬರಹ, ನನ್ನದೇ ಸಹಿ. 27.2046. ನಲವತ್ತೆರಡಲ್ಲ. ಆಣಂದ್‌ನಲ್ಲಿ ಹುಟ್ಟಿದ ನನ್ನ ನೆನಪು ಫತೇಗಂಜ್‌ನಲ್ಲಿ ಸತ್ತಿತು.

ಪೆಟ್ಟಿಗೆಯನ್ನು ಕೇಬಲ್ಲಿಗೆ ಸೇರಿಸಿದೆ. ಬಸಣ್ಣ ಗುಂಡಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಸ್ಕ್ರೂ ತಿರುಗಿಸಿದರು. ಚೀಟಿಯಲ್ಲಿದ್ದ ಅಂಕಿ ಬಂದಾಗ "ಸಾಕು" ಎಂದೆ. ಅವರು ಗುಂಡಿ ಬಿಟ್ಟರು. ಪೆಟ್ಟಿಗೆಯಲ್ಲಿ ಮತ್ತೆ ಆರು ಸೊನ್ನೆ.

"ಮೇಘವ್ವಾ, ಅದಿಯೇನವಾ?" ಎಂದು ಕರೆದು, ಕಾದರು. ಗರಗರ ಶಬ್ದವಷ್ಟೆ. ಇನ್ನೊಮ್ಮೆ ಕರೆದರು. ಆಮೇಲೆ ಸ್ಪೀಕರಿನಿಂದ:

"ಬಸಣ್ಣ ಅಜ್ಜ! ಎಲ್ಲಿ ಹೋಗಿದ್ರಿ ನೀವು? ನಾನು ಬಾಳ ದಿನ ಕುಂತಿದ್ದೆ!"

ಧ್ವನಿ ಅವಳದೇ, ಆದರೆ ತುಸು ಮೂಗಿನಲ್ಲಿ ಮಾತಾಡಿದಂತೆ. ನನಗೆ ಅದು ಸಾಕಾಗಿತ್ತು. ಬಸಣ್ಣ ತಲೆ ವಾಲಿಸಿ ಕೇಳಿದರು. "ಮಾತಾಡವಾ, ಮಾತಾಡು. ಏನೇನ ತಿಂದಿ ಎಲ್ಲಾ ಹೇಳು." ಮೇಘಾ ಹೇಳುತ್ತ ಹೋದಳು, ದೀಪಾವಳಿಯ ಚಕ್ಕುಲಿಯಿಂದ ಹಿಡಿದು. ಬಸಣ್ಣ ಕಣ್ಣು ಮುಚ್ಚಿ ಸ್ಕ್ರೂವನ್ನು ಉಸಿರಿನಷ್ಟು ಕದಲಿಸಿದರು. ಮಗಳ ಧ್ವನಿ ಮೂಗಿನಿಂದ ಇಳಿದು ಗಂಟಲಿಗೆ ಬಂತು. ಪಕ್ಕದ ಕೋಣೆಯಲ್ಲಿದ್ದಾಳೆ ಎನ್ನುವ ಹಾಗೆ.

ಬಸಣ್ಣ ಕಣ್ಣು ತೆರೆದು ಗುಂಡಿ ಒತ್ತಿ ಹಿಡಿದರು. "ಡಬ್ಬಿ ಏನಂತದ ಅಕ್ಕಾರ?"

ನಾನು ನೋಡಿದೆ. ಕೊನೆಯ ಅಂಕಿ ಆರಲ್ಲ, ಏಳು.

"ಏನೂ ಅನ್ನೋದಿಲ್ಲ" ಎಂದೆ. ಚೀಟಿಯನ್ನು ಉಗುರಿನಿಂದ ಎಬ್ಬಿಸಿ, ಸೆಟ್ಟಿನಿಂದ ಕಿತ್ತು, ಪೆಟ್ಟಿಗೆಯ ನೆತ್ತಿಗೆ ಹಚ್ಚಿದೆ. ಅಂಟು ಇನ್ನೂ ಉಳಿದಿತ್ತು.

ಆ ದಿನದ ಡೈರಿಯಲ್ಲಿ ಅಂಕಿಯಿಲ್ಲ. ಬಸಣ್ಣನ ಅಂಗಡಿಯಲ್ಲಿ ಚುರುಮುರಿ ಒಗ್ಗರಣೆ, ಮೆಣಸಿನಕಾಯಿ ಜಾಸ್ತಿ ಎಂದಿದೆ.